ಒಂದು ಅಗುಳಿನ ಸಾಕ್ಷ್ಯ

ಅನ್ನ ಬೆಂದಿದೆಯೇ ಇಲ್ಲವೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು ಎಂಬುದು ನಮ್ಮ ಅಡುಗೆಮನೆಯ ಹಳೆಯ ತರ್ಕ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದ ಎಂಬುದು ಅದೇ ಅಡುಗೆಮನೆಯಲ್ಲಿ ಹುಟ್ಟಿದ ಇನ್ನೊಂದು ಮಾತು. ಮೊದಲನೆಯದು ಒಂದು ಅನುಭವದಿಂದ ಇಡಿಯನ್ನು ಊಹಿಸುವ ಜಾಣ್ಮೆಯನ್ನು ಮೆಚ್ಚುತ್ತದೆ. ಎರಡನೆಯದು ಅದೇ ಊಹೆ ಎಲ್ಲೆ ಮೀರಿದಾಗ ನಗುತ್ತದೆ. ಎರಡೂ ನಿಜವೇ. ಆದರೆ ಯಾವ ಸಂದರ್ಭಕ್ಕೆ ಯಾವುದು ಸಲ್ಲುತ್ತದೆ ಎಂಬುದನ್ನು ಮಾತ್ರ ಗಾದೆಗಳು ಹೇಳುವುದಿಲ್ಲ. ಅದನ್ನು ನಾವೇ ಬಿಡಿಸಿಕೊಳ್ಳಬೇಕು. ಕಳೆದ ಐದು ದಶಕಗಳಲ್ಲಿ ಗಣಕಯಂತ್ರಗಳನ್ನು ಕೊಂಡವರ ಒಲವು ಮುನಿಸುಗಳ ಚರಿತ್ರೆಯನ್ನು ನೋಡಿದರೆ, ಅದು ಈ ಎರಡು ಗಾದೆಗಳ ನಡುವಣ ವ್ಯಾಜ್ಯದಂತೆಯೇ ನನಗೆ ಕಾಣುತ್ತದೆ. ಆ ವ್ಯಾಜ್ಯದ ಕೆಲವು ಕಡತಗಳನ್ನು ಬಿಚ್ಚಿ ನೋಡುವುದು ಈ ಭಾಷಣದ ಉದ್ದೇಶ.

ಗಣಕಯಂತ್ರವನ್ನು ಕೊಳ್ಳುವವನು ಬಹುಮಟ್ಟಿಗೆ ಕಣ್ಣು ಕಟ್ಟಿಸಿಕೊಂಡು ಕೊಳ್ಳುತ್ತಾನೆ. ಎತ್ತನ್ನು ಕೊಳ್ಳುವವನು ಹಲ್ಲು ಹಿಡಿದು ನೋಡಬಲ್ಲ. ಸೀರೆಯನ್ನು ಕೊಳ್ಳುವವಳು ಸೆರಗನ್ನು ಬೆಳಕಿಗೆ ಹಿಡಿದು ನೋಡಬಲ್ಲಳು. ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಹಾರ್ಡ್ ಡಿಸ್ಕು ಮೂರು ವರ್ಷ ಬಾಳುವುದೋ ಮೂರು ತಿಂಗಳಿಗೆ ಕಣ್ಮುಚ್ಚುವುದೋ ಎಂಬುದನ್ನು ಯಾವ ಗಿರಾಕಿಯೂ ಅಂಗಡಿಯಲ್ಲಿ ನಿಂತು ಅರಿಯಲಾರ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿರುವ ಇಂಥ ಪೇಟೆಯ ಬಗೆಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದ. ಹಳೆಯ ಕಾರುಗಳ ಮಾರಾಟ ಅದರ ಮುಖ್ಯ ದೃಷ್ಟಾಂತ. ಮೂರು ಪತ್ರಿಕೆಗಳು ತಿರಸ್ಕರಿಸಿದ ಮೇಲೆ ಬೆಳಕು ಕಂಡ ಆ ಲೇಖನವೇ ಮುಂದೆ 2001ರಲ್ಲಿ ಅವನಿಗೆ ನೊಬೆಲ್ ಗೌರವವನ್ನು ತಂದಿತು. ಅದಕ್ಕೆ ಮುನ್ನ ಅವನು ಕೆಲವು ಕಾಲ ದೆಹಲಿಯಲ್ಲಿದ್ದವನು. ಭಾರತದ ಗೃಹಿಣಿಯರು ಪೇಟೆಯಿಂದ ತಂದ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲುಗಳನ್ನು ಆರಿಸಬೇಕಾಗಿ ಬರುವ ಸಂಗತಿಯನ್ನೂ ಅವನು ಆ ಲೇಖನದಲ್ಲಿ ಉದಾಹರಿಸಿದ್ದಾನೆ. ಗುಣವನ್ನು ಮುಂಚಿತವಾಗಿ ಅರಿಯಲಾಗದ ಕಡೆ, ಸರಕಿನ ಮೇಲಿನ ಹೆಸರು ಒಂದು ಒತ್ತೆಯಂತೆ ನಿಲ್ಲುತ್ತದೆ ಎಂಬುದು ಅವನ ಮಾತುಗಳಲ್ಲೊಂದು. ಸರಕು ಕೆಟ್ಟದಾದರೆ ಕೊಂಡವನು ಮುಂದೆ ಆ ಹೆಸರಿನ ಯಾವುದನ್ನೂ ಕೊಳ್ಳದೆ ಸೇಡು ತೀರಿಸಿಕೊಳ್ಳಬಲ್ಲ. ಆ ಭಯವೇ ಹೆಸರಿಗೆ ಬೆಲೆ ಕೊಡುತ್ತದೆ.

ಹಾಗಾದರೆ ಗಿರಾಕಿಯ ಕಹಿ ನೆನಪು ಬರಿಯ ಹಟವಲ್ಲ. ಪೇಟೆಯ ನ್ಯಾಯಾಸನದಲ್ಲಿ ಅವನ ಕೈಲಿರುವ ಒಂದೇ ದಂಡ ಅದು. ಆದರೆ ದಂಡ ತಪ್ಪಿತಸ್ಥನ ಮೇಲೆಯೇ ಬೀಳುತ್ತದೆಯೇ, ಅದು ಎಷ್ಟು ಕಾಲ ಬೀಳಬೇಕು ಎಂಬುವು ಬೇರೆಯೇ ಪ್ರಶ್ನೆಗಳು.

ಮೊದಲ ಕಡತ ನಮ್ಮ ದೇಶದ್ದೇ. ಅಮೆರಿಕದ ಐ.ಬಿ.ಎಂ. ಕಂಪೆನಿ 1950ರ ದಶಕದ ಆರಂಭದಿಂದ ಭಾರತದಲ್ಲಿ ವ್ಯವಹಾರ ನಡೆಸುತ್ತಿತ್ತು. ಅದರ 1401 ಎಂಬ ಗಣಕ ಹೊರಬಂದದ್ದು 1959ರಲ್ಲಿ. ಅಮೆರಿಕದಲ್ಲಿ ಅದರ ಮಾರಾಟ ನಿಂತ ಮೇಲೂ, ಹಳೆಯ ಯಂತ್ರಗಳನ್ನು ಇಲ್ಲಿ ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ಪದ್ಧತಿ 1970ರ ದಶಕದಲ್ಲಿ ಮುಂದುವರಿದಿತ್ತು. ಯಂತ್ರ ಗಿರಾಕಿಯದಾಗುತ್ತಿರಲಿಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳೂ ಸಲ್ಲುತ್ತಿತ್ತು. ಆ ಯಂತ್ರಗಳು ಸದಾ ಕೆಡುತ್ತಿದ್ದುವೆಂದು ಯಾರೂ ಹೇಳಲಿಲ್ಲ. ಅವುಗಳನ್ನು ನೋಡಿಕೊಳ್ಳುತ್ತಿದ್ದ ಕಂಪೆನಿಯ ನೌಕರರ ಶಿಸ್ತನ್ನು ಹೊಗಳಿದವರೇ ಹೆಚ್ಚು. ದೂರು ಇದ್ದದ್ದು ಬೇರೆ: ಹೊರದೇಶ ಉಟ್ಟು ಬಿಟ್ಟ ಬಟ್ಟೆಯನ್ನು ನಮಗೆ ಬಾಡಿಗೆಗೆ ಹೊದಿಸುತ್ತಿದ್ದಾರೆಂಬ ನೋವು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾನೂನಿನ ಮೇರೆಗೆ ವಿದೇಶೀ ಪಾಲನ್ನು ನೂರಕ್ಕೆ ನಲವತ್ತಕ್ಕೆ ಇಳಿಸಬೇಕೆಂದು ಸರ್ಕಾರ ಹೇಳಿತು. ಕಂಪೆನಿ ಒಪ್ಪಲಿಲ್ಲ. ಜಾರ್ಜ್ ಫರ್ನಾಂಡಿಸರು ಕೈಗಾರಿಕಾ ಸಚಿವರಾಗಿದ್ದ ಕಾಲದಲ್ಲಿ, 1978ರಲ್ಲಿ, ಐ.ಬಿ.ಎಂ. ಭಾರತವನ್ನು ಬಿಟ್ಟುಹೋಯಿತು. ಅದು ಬಿಟ್ಟುಹೋದ ಯಂತ್ರಗಳ ಪಾಲನೆಯ ಹೊಣೆ ಸರ್ಕಾರದ ಕಂಪ್ಯೂಟರ್ ನಿರ್ವಹಣಾ ಸಂಸ್ಥೆಯ, ಎಂದರೆ ಸಿ.ಎಂ.ಸಿ.ಯ ಹೆಗಲೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಂದು ಮನೆಯವರು ಒಬ್ಬ ವ್ಯಾಪಾರಿಯ ಮೇಲೆ ಮುನಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಒಂದು ದೇಶ ಮುನಿದಾಗ ಏನಾಗುತ್ತದೆ? ಭಾರತದಲ್ಲಿ ಆದದ್ದು ಬರಿಯ ಅಂಗಡಿಯ ಬದಲಾವಣೆಯಲ್ಲ. 1967ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಗಿದ್ದ ಇ.ಸಿ.ಐ.ಎಲ್. ಸಂಸ್ಥೆಯ ಜೊತೆಗೆ, 1976ರಲ್ಲಿ ಹುಟ್ಟಿದ ಎಚ್.ಸಿ.ಎಲ್., ಎಣ್ಣೆ ವನಸ್ಪತಿಗಳ ವ್ಯಾಪಾರದಿಂದ ಬಂದು 1980ರ ದಶಕದ ಮೊದಲಲ್ಲಿ ಬೆಂಗಳೂರಿನಲ್ಲಿ ಗಣಕ ತಯಾರಿಕೆಗೆ ಇಳಿದ ವಿಪ್ರೋ ಮೊದಲಾದ ದೇಶೀ ಹೆಸರುಗಳು ತೆರವಾದ ಜಾಗವನ್ನು ತುಂಬಿದುವು. ಒಬ್ಬನೇ ತಯಾರಕನ ಯಂತ್ರಕ್ಕೆ ಅಂಟಿಕೊಳ್ಳದೆ ಹಲವರ ಯಂತ್ರಗಳಲ್ಲಿ ನಡೆಯಬಲ್ಲ ಯೂನಿಕ್ಸ್ ಎಂಬ ವ್ಯವಸ್ಥೆ ಆ ದಶಕದಲ್ಲಿ ಇಲ್ಲಿ ಬಳಕೆಗೆ ಬಂದಿತು. ಅದಕ್ಕೆ ಅಗ್ಗದ ಮೈಕ್ರೋಪ್ರೊಸೆಸರುಗಳೇ ಮೊದಲಾದ ಕಾರಣಗಳು ಹಲವಿದ್ದುವು, ನಿಜ. ಆದರೂ ಒಬ್ಬನೇ ಧಣಿಯ ಬಾಗಿಲಲ್ಲಿ ನಿಂತು ಬಂದವರಿಗೆ ಹತ್ತು ಬಾಗಿಲುಗಳ ಮನೆ ಹಿತವಾಗಿ ತೋರುವುದು ಸಹಜ. ಕಹಿ ಅನುಭವದ ಒಂದು ಫಲ ಹೊಸ ಹೆಸರಿನ ಮೇಲಣ ಭಕ್ತಿ. ಅದಕ್ಕಿಂತ ಪಕ್ವವಾದ ಫಲ, ಯಾವ ಹೆಸರಿಗೂ ಕಟ್ಟುಬೀಳದಿರುವ ಎಚ್ಚರ.

ಮುನಿಸು ಶಾಶ್ವತವಾಗಿ ಉಳಿಯಲಿಲ್ಲ. ಆರ್ಥಿಕ ನೀತಿ ಬದಲಾದ ಮೇಲೆ, 1992ರಲ್ಲಿ ಅದೇ ಐ.ಬಿ.ಎಂ. ಟಾಟಾ ಸಂಸ್ಥೆಯ ಜೊತೆಗೂಡಿ ಮರಳಿ ಬಂದು ಬೆಂಗಳೂರಿನಲ್ಲಿಯೇ ನೆಲೆ ಮಾಡಿತು. ಹದಿನಾಲ್ಕು ವರ್ಷಗಳ ವನವಾಸ ಮುಗಿಯಿತೆಂದು ಹಾಸ್ಯಕ್ಕೆ ಹೇಳಬಹುದು.

ಎರಡನೆಯ ಕಡತ ಆಪಲ್ ಕಂಪೆನಿಯದು. ಅದರ ‘ಆಪಲ್ 2’ ಯಂತ್ರ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಜನರ ಒಲವನ್ನು ಗಳಿಸಿದ್ದ ಕಾಲದಲ್ಲಿ, 1980ರ ಮೇ ತಿಂಗಳಲ್ಲಿ, ಕಚೇರಿಗಳಿಗೆಂದು ‘ಆಪಲ್ 3’ ಎಂಬ ದುಬಾರಿ ಯಂತ್ರವನ್ನು ಕಂಪೆನಿ ಹೊರತಂದಿತು. ಸದ್ದು ಮಾಡುವ ಫ್ಯಾನು ಇರಕೂಡದೆಂಬುದು ಸ್ಟೀವ್ ಜಾಬ್ಸನ ಹಟ. ಒಳಗಿನ ಚಿಪ್ಪುಗಳು ಸಡಿಲಗೊಂಡು ಯಂತ್ರ ನಿಂತುಬಿಡುತ್ತಿತ್ತು. ಅದಕ್ಕೆ ಕಂಪೆನಿಯವರು ಸೂಚಿಸಿದ ಒಂದು ಪರಿಹಾರ ಗಣಕಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ: ಯಂತ್ರವನ್ನು ಮೇಜಿನಿಂದ ಎರಡು ಮೂರು ಅಂಗುಲ ಮೇಲೆತ್ತಿ ಕೈಬಿಡುವುದು! ಹಾಡು ನಿಂತ ರೇಡಿಯೋವಿನ ನೆತ್ತಿಯ ಮೇಲೆ ತಟ್ಟಿದ ಅನುಭವವುಳ್ಳ ನಮಗೆ ಅದರ ತತ್ತ್ವ ಸುಲಭವಾಗಿ ಅರ್ಥವಾಗುತ್ತದೆ. ಸಾವಿರಾರು ಡಾಲರು ಕೊಟ್ಟವನಿಗೆ ಅರ್ಥವಾಗುವುದು ಕಷ್ಟ. ಕಡೆಗೆ ಕಂಪೆನಿ ಸುಮಾರು 14,000 ಯಂತ್ರಗಳನ್ನು ಬದಲಿಸಿಕೊಟ್ಟು, ದೋಷಗಳನ್ನು ತಿದ್ದಿ ಮತ್ತೆ ಮಾರಿತು. ಪ್ರಯೋಜನವಾಗಲಿಲ್ಲ. 1981ರ ಆಗಸ್ಟಿನಲ್ಲಿ ಐ.ಬಿ.ಎಂ.ನ ಸ್ವಂತ ಪುಟ್ಟ ಗಣಕ ಪೇಟೆಗೆ ಬಂದು ಕಚೇರಿಗಳನ್ನು ಹೊಕ್ಕಿತು. 1984ರಲ್ಲಿ ಆಪಲ್ 3 ನಿಂತುಹೋಯಿತು. ಅತ್ತ ಆಪಲ್ 2 ಮಾತ್ರ 1990ರ ದಶಕದವರೆಗೂ ಮಾರಾಟವಾಗುತ್ತಲೇ ಇತ್ತು.

ಒಂದೇ ಹೆಸರು, ಒಂದು ಯಂತ್ರಕ್ಕೆ ಮುನಿಸು, ಇನ್ನೊಂದಕ್ಕೆ ಒಲವು. ಈ ಭೇದಕ್ಕೆ ಕಾರಣವನ್ನು ಕೊಂಡವರ ಹಿಂದಿನ ಅನುಭವದಲ್ಲಿ ಹುಡುಕಬೇಕು. ಆಪಲ್ 2 ಕೊಂಡಿದ್ದ ಶಾಲೆಗೆ ಕಂಪೆನಿಯ ಲೆಕ್ಕದಲ್ಲಿ ಹಲವು ವರ್ಷಗಳ ಜಮೆಯಿತ್ತು. ಒಂದು ಖರ್ಚು ಅದನ್ನು ಬರಿದು ಮಾಡಲಿಲ್ಲ. ಆಪಲ್ 3ರಿಂದಲೇ ಆ ಹೆಸರಿನ ಪರಿಚಯವಾದ ಕಚೇರಿಗೆ ಮೊದಲ ಪುಟದಲ್ಲಿಯೇ ಸಾಲ. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಹಳಸಿದ್ದನ್ನು ಬಡಿಸಿದವನು ಎರಡನೆಯ ಪಂಕ್ತಿಗೆ ಹೋಳಿಗೆ ಬಡಿಸಿದರೂ ಎದ್ದು ಹೋದವರು ತಿರುಗಿ ಬರುವುದಿಲ್ಲ.

ಮೂರನೆಯ ಕಡತವನ್ನು ತೆರೆದವನು ಒಬ್ಬ ಗಣಿತದ ಮೇಷ್ಟ್ರು. ವರ್ಜೀನಿಯದ ಲಿಂಚ್‌ಬರ್ಗ್ ಕಾಲೇಜಿನ ಪ್ರಾಧ್ಯಾಪಕ ಥಾಮಸ್ ನೈಸ್ಲಿ, ಅವಳಿ ಅವಿಭಾಜ್ಯ ಸಂಖ್ಯೆಗಳ ವಿಲೋಮಗಳನ್ನು ಕೂಡುತ್ತ ಹೋಗುವ, ಲೋಕಕ್ಕೆ ಏನೂ ಲಾಭವಿಲ್ಲದಂತೆ ತೋರುವ ಒಂದು ಲೆಕ್ಕದಲ್ಲಿ ತೊಡಗಿದ್ದ. 1994ರಲ್ಲಿ ಅವನ ಉತ್ತರಗಳು ಹೊಂದಾಣಿಕೆಯಾಗದೆ ಹೋದುವು. ತನ್ನ ಕ್ರಮವಿಧಿ, ಯಂತ್ರದ ಇತರ ಭಾಗಗಳು ಎಲ್ಲವನ್ನೂ ಒಂದೊಂದಾಗಿ ಶಂಕಿಸಿ ನೋಡಿ, ಕಡೆಗೆ ಇಂಟೆಲ್ ಕಂಪೆನಿಯ ಹೊಸ ಪೆಂಟಿಯಂ ಚಿಪ್ಪೇ ಭಾಗಾಕಾರದಲ್ಲಿ ತಪ್ಪುತ್ತಿದೆ ಎಂಬ ನಿರ್ಣಯಕ್ಕೆ ಬಂದ. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದ ಕಡೆ ಆ ಚಿಪ್ಪು 1.33373 ಎಂದು ಹೇಳುತ್ತಿತ್ತು. ಭಾಗಾಕಾರಕ್ಕೆಂದು ಚಿಪ್ಪಿನೊಳಗೆ ಬರೆದಿಟ್ಟ 1066 ಅಂಕಣಗಳ ಒಂದು ಮಗ್ಗಿಯಲ್ಲಿ ಐದು ಬಿಟ್ಟುಹೋಗಿದ್ದುವು, ಅಷ್ಟೇ ಕಾರಣ.

ಈ ದೋಷ ಇಂಟೆಲ್ಲಿಗೆ ಅದೇ ವರ್ಷ ಮೊದಲೇ ತಿಳಿದಿತ್ತು. ಅದು ಹೊರಗೆ ಹೇಳಿರಲಿಲ್ಲ. ಸುದ್ದಿ ಹೊರಬಿದ್ದ ಮೇಲೆ, ಸಾಮಾನ್ಯ ಬಳಕೆದಾರನಿಗೆ 27,000 ವರ್ಷಗಳಿಗೊಮ್ಮೆ ಮಾತ್ರ ಈ ತಪ್ಪು ಎದುರಾದೀತೆಂದೂ, ತನಗೆ ನಿಜವಾಗಿ ತೊಂದರೆಯಿದೆಯೆಂದು ಮನಗಾಣಿಸಿದವರಿಗೆ ಮಾತ್ರ ಚಿಪ್ಪನ್ನು ಬದಲಿಸಿಕೊಡುವೆವೆಂದೂ ಕಂಪೆನಿ ಹೇಳಿತು. ಲೆಕ್ಕ ತಪ್ಪುವ ಯಂತ್ರವನ್ನು ಮಾರಿದವನು ಗಿರಾಕಿಯ ಲೆಕ್ಕ ಎಷ್ಟು ದೊಡ್ಡದೆಂದು ವಿಚಾರಣೆ ಮಾಡಲು ಹೊರಟದ್ದು ಜನರನ್ನು ಕೆರಳಿಸಿತು. ಡಿಸೆಂಬರ್ 12ರಂದು ಐ.ಬಿ.ಎಂ., ತಪ್ಪು 24 ದಿನಗಳಿಗೊಮ್ಮೆಯೂ ಬರಬಹುದೆಂದು ಸಾರಿ, ಪೆಂಟಿಯಂ ಯಂತ್ರಗಳ ರವಾನೆಯನ್ನೇ ನಿಲ್ಲಿಸಿತು. ಐ.ಬಿ.ಎಂ.ಗೂ ಸ್ವಂತ ಚಿಪ್ಪೊಂದಿತ್ತೆಂಬುದನ್ನು ನಾವು ಮರೆಯಬೇಕಾಗಿಲ್ಲ. ಡಿಸೆಂಬರ್ 20ರಂದು ಇಂಟೆಲ್ ಮಣಿಯಿತು: ಕೇಳಿದವರಿಗೆಲ್ಲ ಯಾವ ಪ್ರಶ್ನೆಯೂ ಇಲ್ಲದೆ ಬದಲಿ. ಅದಕ್ಕೆಂದು ಕಂಪೆನಿ ಬರೆದುಕೊಂಡ ನಷ್ಟ 47.5 ಕೋಟಿ ಡಾಲರು. ವಿಚಿತ್ರವೆಂದರೆ, ಹಕ್ಕು ಕೈಗೆ ಬಂದ ಮೇಲೆ ಬಹುಪಾಲು ಮಂದಿ ಚಿಪ್ಪನ್ನು ಬದಲಿಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಅವರಿಗೆ ಬೇಕಾಗಿದ್ದುದು ಹೊಸ ಚಿಪ್ಪಿಗಿಂತ ಹೆಚ್ಚಾಗಿ, ತಮ್ಮ ಮಾತನ್ನು ನಂಬಿದರೆಂಬ ಸಮಾಧಾನ.

ಇದರಲ್ಲಿ ಇನ್ನೊಂದು ಪಾಠವೂ ಇದೆ. 1991ಕ್ಕೆ ಮುಂಚೆ ಸಾಮಾನ್ಯ ಗಿರಾಕಿಗೆ ತನ್ನ ಯಂತ್ರದೊಳಗಿನ ಚಿಪ್ಪನ್ನು ಮಾಡಿದವರಾರೆಂಬುದೇ ತಿಳಿದಿರಲಿಲ್ಲ. ಆ ವರ್ಷ ‘ಇಂಟೆಲ್ ಇನ್‌ಸೈಡ್’ ಎಂಬ ಮುದ್ರೆಯನ್ನು ಯಂತ್ರಗಳ ಹಣೆಗೆ ಅಂಟಿಸಿ, ಕೋಟ್ಯಂತರ ಡಾಲರ್ ವೆಚ್ಚದಲ್ಲಿ ಕಂಪೆನಿ ತನ್ನ ಹೆಸರನ್ನು ಮನೆಮಾತಾಗಿಸಿತು. ಮೂರು ವರ್ಷಗಳಲ್ಲಿ ಅದೇ ಮುದ್ರೆ ದೂರಿಗೆ ವಿಳಾಸವಾಯಿತು. ಹೊಗಳಿಕೆಗೆಂದು ಹೆಸರನ್ನು ಬರೆಸಿದವನು ಬೈಗುಳಕ್ಕೂ ಅದೇ ಹೆಸರಿನಲ್ಲಿ ಓಗೊಡಬೇಕಾಗುತ್ತದೆ. ಕಂಪೆನಿಯ ಮುಖ್ಯಸ್ಥ ಆಂಡ್ರೂ ಗ್ರೋವ್ 1996ರ ತನ್ನ ಪುಸ್ತಕದಲ್ಲಿ ಈ ಪ್ರಕರಣವನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಿದ್ದಾನೆ. ಇಂಟೆಲ್ಲಿನ ಹೆಸರು ಉಳಿಯಿತು, ಬೆಳೆಯಿತು ಕೂಡ.

ನಾಲ್ಕನೆಯ ಕಡತ ನೆನಪಿನ ತಟ್ಟೆಗಳದು. 2000ದಲ್ಲಿ ಐ.ಬಿ.ಎಂ. ಹೊರತಂದ ‘ಡೆಸ್ಕ್‌ಸ್ಟಾರ್ 75 ಜಿ.ಎಕ್ಸ್.ಪಿ.’ ಎಂಬ ಹಾರ್ಡ್ ಡಿಸ್ಕು ಅಂದಿಗೆ ವೇಗಕ್ಕೆ ಹೆಸರಾಗಿತ್ತು. ಗಾಜಿನ ತಟ್ಟೆಗಳ ಮೇಲೆ ಲೇಪ ಕೊಟ್ಟು ಮಾಡಿದ ಆ ಡಿಸ್ಕುಗಳು ಅಕಾಲದಲ್ಲಿ ಕೆಡತೊಡಗಿದುವು. ಬಳಕೆದಾರರು ಸಿಟ್ಟಿನಲ್ಲಿಯೂ ವಿನೋದವನ್ನು ಬಿಡದೆ ಅದನ್ನು ‘ಡೆತ್‌ಸ್ಟಾರ್’, ಮೃತ್ಯುನಕ್ಷತ್ರ, ಎಂದು ಕರೆದರು. 2001ರಲ್ಲಿ ಅಮೆರಿಕದಲ್ಲಿ ದಾವೆ ಹೂಡಲಾಯಿತು. 2005ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಐ.ಬಿ.ಎಂ. ತನ್ನ ಹಾರ್ಡ್ ಡಿಸ್ಕಿನ ಉದ್ಯಮವನ್ನೇ ಸುಮಾರು 200 ಕೋಟಿ ಡಾಲರಿಗೆ ಜಪಾನಿನ ಹಿಟಾಚಿಗೆ ಮಾರಿಬಿಟ್ಟಿತ್ತು. ಹಿಟಾಚಿ ಡೆಸ್ಕ್‌ಸ್ಟಾರ್ ಎಂಬ ಕಳಂಕಿತ ಹೆಸರನ್ನು ಬದಲಿಸದೆ ಉಳಿಸಿಕೊಂಡಿತು.

ಮುಂದಿನದು ಸ್ವಾರಸ್ಯವಾಗಿದೆ. ಜನರ ಕಡತಗಳನ್ನು ಕಾಪಿಡುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆ ತಾನು ಬಳಸುತ್ತಿದ್ದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚಿನ ಡಿಸ್ಕುಗಳಲ್ಲಿ ಯಾವ ಹೆಸರಿನವು ಎಷ್ಟು ಕೆಟ್ಟುವೆಂಬ ಲೆಕ್ಕವನ್ನು 2014ರ ಜನವರಿಯಲ್ಲಿ ಪ್ರಕಟಿಸಿತು. ಅತ್ಯಂತ ಕಡಮೆ ಕೆಟ್ಟವು ಹಿಟಾಚಿಯವು. ಅವುಗಳ ನಡುವೆ ಡೆಸ್ಕ್‌ಸ್ಟಾರ್ ಎಂಬ ಹಣೆಪಟ್ಟಿಯವೂ ಇದ್ದುವು! 2001ರಲ್ಲಿ ಸುಟ್ಟುಕೊಂಡು, ಆ ಹೆಸರನ್ನು ಜನ್ಮದಲ್ಲಿ ಮುಟ್ಟೆನೆಂದು ಶಪಥ ಮಾಡಿದವನು, ಹದಿಮೂರು ವರ್ಷಗಳ ಮೇಲೆ ಪೇಟೆಯ ಅತ್ಯುತ್ತಮ ಡಿಸ್ಕನ್ನು ಊದಿ ಕುಡಿಯುತ್ತಿದ್ದನೆಂದಾಯಿತು. ಹೆಸರು ಅದೇ, ಒಡೆಯ, ವರ್ಷ, ತಯಾರಿಕೆಯ ಕ್ರಮ ಎಲ್ಲ ಬೇರೆ.

ಐದನೆಯ ಕಡತದಲ್ಲಿ ಯಂತ್ರದ ದೋಷಕ್ಕಿಂತ ಮಾತಿನ ದೋಷ ದೊಡ್ಡದು. 2003ರಿಂದ 2005ರವರೆಗೆ ಡೆಲ್ ಕಂಪೆನಿ ಕಚೇರಿಗಳಿಗೆ ಮಾರಿದ ಯಂತ್ರಗಳಲ್ಲಿ, ಹೊರಗಿನವರಿಂದ ತರಿಸಿದ ಕೆಪಾಸಿಟರುಗಳೆಂಬ ಸಣ್ಣ ಭಾಗಗಳು ಉಬ್ಬಿ ಸೋರುತ್ತಿದ್ದುವು. ಆ ವರ್ಷಗಳಲ್ಲಿ ಈ ಪಿಡುಗು ಇತರ ಹೆಸರಿನ ಯಂತ್ರಗಳನ್ನೂ ಕಾಡಿತ್ತು. ಡೆಲ್ 2005ರಲ್ಲಿ ದುರಸ್ತಿಗೆಂದು 30 ಕೋಟಿ ಡಾಲರನ್ನು ತೆಗೆದಿರಿಸಿತು. ಆದರೆ ಒಂದು ದಾವೆಯ ನಿಮಿತ್ತ 2010ರಲ್ಲಿ ಹೊರಬಂದ ಕಾಗದಪತ್ರಗಳು, ಗಿರಾಕಿಗಳ ಎದುರು ಈ ವಿಷಯವನ್ನು ತಾವಾಗಿ ಎತ್ತಕೂಡದೆಂದು ನೌಕರರಿಗೆ ಸೂಚನೆಯಿದ್ದುದನ್ನು ತೋರಿಸಿದುವು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗಣಿತ ವಿಭಾಗದವರು ತಮ್ಮ ಯಂತ್ರಗಳು ಕೆಡುತ್ತಿವೆಯೆಂದು ದೂರಿದಾಗ ಕಂಪೆನಿ ಕೊಟ್ಟ ವಿವರಣೆಯನ್ನು ಪತ್ರಿಕೆಗಳು ಅಚ್ಚರಿಯಿಂದ ವರದಿಮಾಡಿದುವು: ಕಠಿಣವಾದ ಲೆಕ್ಕಗಳನ್ನು ಮಾಡಿಸಿ ನೀವೇ ಯಂತ್ರಗಳಿಗೆ ಆಯಾಸ ತಂದಿದ್ದೀರಿ ಎಂಬುದು ಅದರ ಸಾರ. 1984ರಲ್ಲಿ ಮೈಕೆಲ್ ಡೆಲ್ ವಿದ್ಯಾರ್ಥಿಯಾಗಿ ತನ್ನ ಉದ್ಯಮವನ್ನು ಆರಂಭಿಸಿದ್ದು ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ಲೆಕ್ಕ ಮಾಡಲೆಂದು ಹುಟ್ಟಿದ ಯಂತ್ರ ಲೆಕ್ಕ ಮಾಡಿ ಸೋತಿತೆಂದು ಗಣಿತದವರಿಗೇ ಹೇಳಿದ ಈ ಮಾತನ್ನು, ಕೆಪಾಸಿಟರು ಎಂದರೇನೆಂದು ತಿಳಿಯದವರೂ ನೆನಪಿಟ್ಟುಕೊಂಡಾರು.

ಈ ಕಡತಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮ್ಮ ಅಗುಳಿನ ಗಾದೆಯ ಮರ್ಮ ತಿಳಿಯುತ್ತದೆ. ಒಂದು ಅಗುಳು ಇಡೀ ಪಾತ್ರೆಯ ಪರವಾಗಿ ಸಾಕ್ಷಿ ನುಡಿಯಬಲ್ಲದು, ಏಕೆಂದರೆ ಎಲ್ಲ ಅಗುಳುಗಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿವೆ. ಪೆಂಟಿಯಂ ಚಿಪ್ಪಿನ ದೋಷ ಅಂಥದು. ವಿನ್ಯಾಸದಲ್ಲಿಯೇ ಇದ್ದುದರಿಂದ ಆ ಕಾಲದ ಒಂದು ಚಿಪ್ಪು ತಪ್ಪಿದರೆ ಅದರ ಒಡಹುಟ್ಟಿದವೆಲ್ಲ ತಪ್ಪಿದಂತೆಯೇ. ಅಲ್ಲಿ ಒಬ್ಬ ಮೇಷ್ಟ್ರ ಸಾಕ್ಷ್ಯ ಲೋಕಕ್ಕೆಲ್ಲ ಸಾಕು. 2000ದ ಡಿಸ್ಕಿನ ದೋಷ ಒಂದು ಪಾತ್ರೆಯದು. ಆ ಪಾತ್ರೆಯ ಅನ್ನವನ್ನು ಚೆಲ್ಲಬೇಕು ನಿಜ, ಆದರೆ ನಾಳೆ ಬೇರೆ ಪಾತ್ರೆಯನ್ನು ಒಲೆಗೇರಿಸಿದಾಗ ಹಳೆಯ ಅಗುಳನ್ನು ಸಾಕ್ಷಿಗೆ ಕರೆಯಬಾರದು. ಇನ್ನು ಎಲ್ಲ ತಯಾರಕರಲ್ಲಿಯೂ ನೂರಕ್ಕೆ ಒಂದೆರಡರಂತೆ ಅದೃಷ್ಟವಶದಿಂದ ಕೆಡುವ ಡಿಸ್ಕುಗಳುಂಟು. ಅಂಥದೊಂದು ನಮ್ಮ ಪಾಲಿಗೆ ಬಂದರೆ ಅದು ಕಲ್ಲು ಸಿಕ್ಕಿದ ತುತ್ತು. ಅದರಿಂದ ಯಾವ ಪಾತ್ರೆಯ ಬಗೆಗೂ ಏನೂ ತಿಳಿಯುವುದಿಲ್ಲ. ಹಲ್ಲು ನೋಯುವುದಂತೂ ಒಂದೇ ರೀತಿ. ಈ ಮೂರು ಬಗೆಯ ದೋಷಗಳನ್ನು ಬೇರ್ಪಡಿಸಿ ನೋಡಲು ನೊಂದ ಮನಸ್ಸಿಗೆ ಪುರಸತ್ತಿಲ್ಲ.

ನಾನೂ ಒಂದು ಹೆಸರಿನ ಯಂತ್ರವನ್ನು ಕೊಳ್ಳದವನೇ. ಆ ಹೆಸರಿನಿಂದ ಇಲ್ಲಿ ಪ್ರಯೋಜನವಿಲ್ಲ. ನಮ್ಮ ದೊಡ್ಡಮ್ಮನವರು ಹಾಡುತ್ತಿದ್ದ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಎರಡು ಬೇಸಗೆಗಳಲ್ಲಿ ಧ್ವನಿಮುದ್ರಿಸಿ ಅದರಲ್ಲಿ ಇರಿಸಿದ್ದೆ. ಡಿಸ್ಕು ಹದಿಮೂರನೆಯ ತಿಂಗಳಲ್ಲಿ ಕೆಟ್ಟಿತು. ಅರ್ಧದಷ್ಟು ಹಾಡುಗಳು ತಂಗಿಯ ಬಳಿ ಪ್ರತಿಯಾಗಿದ್ದುದರಿಂದ ಉಳಿದುವು. ಉಳಿದರ್ಧವನ್ನು ಮತ್ತೆ ಹಾಡಲು ದೊಡ್ಡಮ್ಮನವರು ಆಗ ಇರಲಿಲ್ಲ. ಡಿಸ್ಕು ಕೆಟ್ಟದ್ದಕ್ಕೆ ನಾನು ಆ ಕಂಪೆನಿಯನ್ನು ದೂರುವುದಿಲ್ಲ. ತಿರುಗುವ ತಟ್ಟೆ ಒಂದು ದಿನ ನಿಲ್ಲಲೇಬೇಕು. ಆದರೆ ಅದನ್ನು ಕೊಂಡೊಯ್ದು ಕೊಟ್ಟಾಗ ಮೇಜಿನ ಆಚೆಗಿದ್ದ ತರುಣ ತಲೆಯೆತ್ತದೆಯೇ, “ಗ್ಯಾರಂಟಿ ಇರೋದು ಡಿಸ್ಕಿಗೆ ಸಾರ್, ಒಳಗಿದ್ದದ್ದಕ್ಕಲ್ಲ, ಡಿಸ್ಕಿಂದೂ ಹೋದ ತಿಂಗಳೇ ಮುಗೀತು” ಎಂದ. ಮಾತು ಕಾನೂನಿನ ಪ್ರಕಾರ ಸರಿ. ಒಳಗಿದ್ದುದು ಏನೆಂದು ಕೇಳುವ ಸೌಜನ್ಯ ಮಾತ್ರ ಅದರಲ್ಲಿರಲಿಲ್ಲ. ಇಂದಿಗೂ ಅಂಗಡಿಯಲ್ಲಿ ಆ ಹೆಸರನ್ನು ಕಂಡಾಗ ನನಗೆ ನೆನಪಾಗುವುದು ಡಿಸ್ಕಲ್ಲ, ತಲೆಯೆತ್ತದ ಆ ಮುಖ.

ನಮ್ಮ ನೆನಪು ಯಂತ್ರದ ಲೆಕ್ಕವನ್ನು ಇಟ್ಟಂತೆ ತೋರಿದರೂ ಅದು ಇಡುವುದು ನಡತೆಯ ಲೆಕ್ಕವನ್ನು ಎಂಬ ನನ್ನ ಅಭಿಪ್ರಾಯಕ್ಕೆ ಇದೂ ಒಂದು ಆಧಾರ. ಅದರಲ್ಲಿ ವಿವೇಕವೂ ಇದೆ. ಯಂತ್ರದ ಮಾದರಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ತಪ್ಪು ತಿಳಿದಾಗ ಒಪ್ಪಿಕೊಳ್ಳುವ ಅಥವಾ ಅಡಗಿಸುವ ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಣಕದ ಬಿಡಿಭಾಗಗಳನ್ನು ಮಾರುವ ಅಂಗಡಿಗಳ ಸಾಲಿದೆ. ಅಲ್ಲಿನ ಹಿರಿಯ ವ್ಯಾಪಾರಿಯೊಬ್ಬರನ್ನು ಯಾವ ಹೆಸರಿನ ಡಿಸ್ಕು ಒಳ್ಳೆಯದೆಂದು ಒಮ್ಮೆ ಕೇಳಿದೆ. “ಕೆಡದೇ ಇರೋದು ಯಾವುದೂ ಇಲ್ಲ ಸಾರ್. ಕೆಟ್ಟಾಗ ಮಾತಾಡದೆ ಬದಲಿಸಿಕೊಡ್ತಾರಲ್ಲ, ಅದೇ ಒಳ್ಳೇದು” ಎಂದರು. ಅವರ ಸಾಕ್ಷ್ಯ ಒಂದು ಅಗುಳಿನದಲ್ಲ. ವರ್ಷಕ್ಕೆ ನೂರಾರು ಪಾತ್ರೆಗಳನ್ನು ಕಂಡವರದು.

ಭಯವನ್ನು ಮಾರುವವರೂ ಉಂಟೆಂಬುದನ್ನು ಇಲ್ಲಿ ಹೇಳದಿರಲಾಗದು. ಐ.ಬಿ.ಎಂ.ನ್ನು ಕೊಂಡದ್ದಕ್ಕಾಗಿ ಯಾರೂ ಕೆಲಸ ಕಳೆದುಕೊಂಡಿಲ್ಲ ಎಂಬುದು ಒಂದು ಕಾಲದಲ್ಲಿ ಅಮೆರಿಕದ ಕಚೇರಿಗಳ ಗಾದೆಯಾಗಿತ್ತು. ಆ ಕಂಪೆನಿಯ ಪ್ರಖ್ಯಾತ ವಿನ್ಯಾಸಕ ಜೀನ್ ಆಮ್ಡಾಲ್ 1970ರಲ್ಲಿ ಹೊರಬಂದು ಸ್ವಂತ ಉದ್ಯಮ ಕಟ್ಟಿದ ಮೇಲೆ, ತನ್ನ ಯಂತ್ರಗಳನ್ನು ಕೊಳ್ಳಬಯಸುವವರ ಮನಸ್ಸಿನಲ್ಲಿ ಹಳೆಯ ಕಂಪೆನಿಯವರು ಭಯ, ಅನಿಶ್ಚಯ, ಸಂದೇಹಗಳನ್ನು ಬಿತ್ತುತ್ತಿದ್ದಾರೆಂದು ದೂರಿದ. ಹಾಗೆ, ತನ್ನ ಬಾಯಿ ಸುಡದೆಯೇ ಮಜ್ಜಿಗೆಯನ್ನು ಊದುವವರು ತಯಾರಾಗುತ್ತಾರೆ. ಸ್ವಂತ ಅನುಭವದ ಮುನಿಸು ಎಷ್ಟೋ ಮೇಲು; ಅದಕ್ಕೆ ಕೊನೆಯ ಪಕ್ಷ ಒಂದು ದಿನಾಂಕವಿದೆ, ಒಂದು ರಸೀದಿಯಿದೆ.

ಮುನಿದ ಗಿರಾಕಿ ಸದ್ದಿಲ್ಲದೆ ಎದ್ದು ಹೋಗುವುದರಿಂದ ಅವನ ಮನಸ್ಸು ತಣಿಯಬಹುದು. ಉಳಿದವರಿಗೆ ಅದರಿಂದ ಉಪಕಾರವಾಗುತ್ತದೆಯೇ? ಆಲ್ಬರ್ಟ್ ಹರ್ಷ್‌ಮನ್ ಎಂಬ ಚಿಂತಕ 1970ರಲ್ಲಿಯೇ ಈ ಪ್ರಶ್ನೆಯನ್ನು ಕುರಿತು ಒಂದು ಪುಟ್ಟ ಪುಸ್ತಕ ಬರೆದ. ನಿರ್ಗಮನ, ದನಿ, ನಿಷ್ಠೆ ಎಂಬ ಮೂರು ಪದಗಳ ಸುತ್ತ ಅದರ ವಿಚಾರವಿದೆ. ನೈಜೀರಿಯದ ರೈಲ್ವೆ ಕೆಟ್ಟು ನಡೆಯುತ್ತಿದ್ದರೂ ಸುಧಾರಿಸದಿರುವುದನ್ನು ಕಂಡು ಅವನಿಗೆ ಈ ವಿಚಾರ ಹೊಳೆಯಿತು. ಗಟ್ಟಿಯಾಗಿ ಕೂಗಾಡಬಲ್ಲ ಗಿರಾಕಿಗಳು ಸುಮ್ಮನೆ ಲಾರಿಗಳ ಕಡೆಗೆ ಹೋಗಿಬಿಟ್ಟರು. ರೈಲ್ವೆಗೆ ತಿಳಿಹೇಳುವವರೇ ಉಳಿಯಲಿಲ್ಲ. ನಿಷ್ಠೆಯ ನಿಜವಾದ ಉಪಯೋಗ ಕುರುಡಾಗಿ ಕೊಳ್ಳುತ್ತಲೇ ಇರುವುದಲ್ಲ, ಹೋಗುವ ಮುನ್ನ ಒಂದು ಗಳಿಗೆ ನಿಂತು ದನಿಯೆತ್ತುವುದು. ನೈಸ್ಲಿ ದನಿಯೆತ್ತಿದ್ದರಿಂದ ಲಕ್ಷಾಂತರ ಜನರಿಗೆ ಬದಲಿಯ ಹಕ್ಕು ದೊರೆಯಿತು. ನಮ್ಮಲ್ಲಿಯೂ 1986ರ ಗ್ರಾಹಕ ರಕ್ಷಣಾ ಕಾಯಿದೆಯೂ ಅದರ ಸ್ಥಾನಕ್ಕೆ ಬಂದ 2019ರ ಕಾಯಿದೆಯೂ ಅಂಥ ದನಿಗೆ ಒಂದು ವೇದಿಕೆಯನ್ನು ಕಲ್ಪಿಸಿವೆ.

ಎದ್ದು ಹೋಗಲು ಬೇರೆ ಮನೆಗಳಾದರೂ ಎಷ್ಟಿವೆ? ಹಾರ್ಡ್ ಡಿಸ್ಕುಗಳನ್ನು ಮಾಡುತ್ತಿದ್ದ ಹತ್ತಾರು ಕಂಪೆನಿಗಳು ಒಂದನ್ನೊಂದು ನುಂಗುತ್ತ ಬಂದುವು. ಕಾನರ್ 1996ರಲ್ಲಿ ಸೀಗೇಟಿಗೆ ಸೇರಿತು. ಮ್ಯಾಕ್ಸ್‌ಟರ್ 2006ರಲ್ಲಿ ಅದಕ್ಕೇ ಸೇರಿತು. ಹಿಟಾಚಿಯ ಡಿಸ್ಕಿನ ಉದ್ಯಮ 2012ರಲ್ಲಿ ವೆಸ್ಟರ್ನ್ ಡಿಜಿಟಲ್ಲಿಗೆ ಸಂದಿತು. ಈಗ ಉಳಿದಿರುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೊಷಿಬಾ ಎಂಬ ಮೂವರು. ಮೂವರ ಮೇಲೂ ಶಪಥ ಮಾಡಿದವನು ಕಾಗದ ಲೇಖನಿಗಳಿಗೆ ಮರಳಬೇಕಾದೀತು. ಇತ್ತ ಐ.ಬಿ.ಎಂ.ನ ಥಿಂಕ್‌ಪ್ಯಾಡ್ ಎಂಬ ಹೆಸರು 2005ರಲ್ಲಿ ಚೀನದ ಲೆನೊವೊ ಕಂಪೆನಿಯ ಪಾಲಾಯಿತು. ಹಳೆಯ ಹೆಸರಿಗೆ ನಿಷ್ಠರಾದವರು ಹೊಸ ಒಡೆಯನಿಗೆ ಸಲ್ಲಿಸುತ್ತಿದ್ದಾರೆ. ಹಳೆಯ ಹೆಸರಿಗೆ ಮುನಿದವರು ತಪ್ಪು ಮಾಡದವನನ್ನು ದಂಡಿಸುತ್ತಿದ್ದಾರೆ. ಹೆಸರು ಊರ ಮುಂದಿನ ಛತ್ರದಂತೆ; ಅದರ ಗೋಡೆಯ ಮೇಲಿನ ಬರಹ ಅದೇ ಇರುತ್ತದೆ, ಒಳಗೆ ಅಡುಗೆ ಮಾಡುವವರು ಬದಲಾಗಿರುತ್ತಾರೆ.

ಹಾಗೆಂದು ಹಳೆಯ ನೋವನ್ನು ಮರೆತುಬಿಡಬೇಕೆಂದು ನಾನು ಹೇಳಲಾರೆ. ಗಿರಾಕಿಗಳೆಲ್ಲ ಮರೆತುಬಿಟ್ಟರೆ ಹೆಸರು ಕಾಪಾಡಿಕೊಳ್ಳುವ ಚಿಂತೆ ಯಾವ ತಯಾರಕನಿಗೂ ಇರುವುದಿಲ್ಲ. ಅಕ್ಕಿಗೆ ಕಲ್ಲು ಬೆರೆಸುವವನಿಗೆ ಅದಕ್ಕಿಂತ ಸುಖದ ಕಾಲವಿಲ್ಲ. ನೆನಪಿಡಬೇಕು, ಆದರೆ ಒಳ್ಳೆಯ ಸಾಕ್ಷಿ ನೆನಪಿಡುವಂತೆ: ಏನು ಕೆಟ್ಟಿತು, ಯಾವಾಗ ಕೆಟ್ಟಿತು, ಯಾರ ಕೈಯಲ್ಲಿ ಕೆಟ್ಟಿತು, ಕೆಟ್ಟಾಗ ಅವರು ಏನೆಂದರು ಎಂಬುದನ್ನೆಲ್ಲ ಬೇರೆ ಬೇರೆಯಾಗಿ. ನ್ಯಾಯಾಲಯದಲ್ಲಿ ಸಾಕ್ಷಿಗೆ ಗೌರವವಿದೆ. ಆದರೆ ತೀರ್ಪನ್ನು ಬರೆಯುವವನು ಸಾಕ್ಷಿಯಲ್ಲ. ನಮ್ಮ ಮನಸ್ಸಿನಲ್ಲಿ ಈ ಎರಡು ಪೀಠಗಳನ್ನೂ ಒಬ್ಬನೇ ಆಕ್ರಮಿಸದಂತೆ ನೋಡಿಕೊಂಡರೆ, ಹಾಲು ಯಾವುದು, ಮಜ್ಜಿಗೆ ಯಾವುದು ಎಂಬುದು ಲೋಟವನ್ನು ತುಟಿಗೆ ತರುವ ಮುನ್ನವೇ ತಿಳಿದೀತು.